ಹಾಗಾದ್ರೆ ಅಲ್ಲೂ ಎಸ್ಟೇಟೇ

ಟ್ರಿನಿಡಾಡಿಗೆ ಹೊರಡುವ ಮೊದಲು ಅಜ್ಜಿಗೆ ಹೇಳಿ ಬರೋಣ ಅಂತ ಮೂಡಿಗೆರೆ ಕಡೆಯ ನಮ್ಮ ಎಸ್ಟೇಟಿಗೆ ಹೋಗಿದ್ದೆ. ನಮ್ಮ ಎಸ್ಟೇಟು ಅಂದರೆ ನಮ್ಮದಲ್ಲ. ಅಪ್ಪ ಅಲ್ಲಿ ಜೀಪ್ ಡ್ರೈವರು, ಅಜ್ಜಿ ಐವತ್ತು ವರ್ಷ ಅಲ್ಲಿ ಕಾಫಿ ಕೊಯ್ದವಳು, ನಾನು ಅಲ್ಲಿನ ಲೈನ್ ಮನೆಯಲ್ಲಿ ಬೆಳೆದವಳು. ಅಷ್ಟೇ ಸಂಬಂಧ.

ಅಜ್ಜಿಗೆ ಭೂಪಟ ತೋರಿಸಿ ಪ್ರಯೋಜನವಿರಲಿಲ್ಲ. ಜಗುಲಿಯಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಒಂದೊಂದೇ ಪ್ರಶ್ನೆ ಕೇಳಿದಳು.

"ಎಂತ ಬೆಳೀತಾರೆ ಅಲ್ಲಿ?"

"ಮೊದಲೆಲ್ಲ ಕಬ್ಬು, ಕೋಕೋ ಬೆಳೀತಿದ್ರಂತೆ ಅಜ್ಜಿ."

"ಬೆಳೆಯುವವರದ್ದೇ ಜಾಗವಾ?"

"ಅಲ್ಲ. ಜಾಗ ಬಿಳಿಯರದ್ದು. ಆಳುಗಳನ್ನ ಹಡಗಲ್ಲಿ ಹೊರಗಿಂದ ತರಿಸಿದ್ರು."

ಅಜ್ಜಿ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ಹಾಗಾದ್ರೆ ಅಲ್ಲೂ ಎಸ್ಟೇಟೇ. ಅದನ್ನು ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ ಹೋಗ್ತಿ ಮಾರಾಯ್ತಿ?"

ಇದೇ ಪ್ರಶ್ನೆಯನ್ನು ವಿಭಾಗದ ಸೆಮಿನಾರಿನಲ್ಲೂ ಕೇಳಿದ್ದರು. ಕೆರಿಬಿಯನ್ ಕಾದಂಬರಿಗಳ ಮೇಲೆ ಪಿಎಚ್.ಡಿ. ಮಾಡುವವರಿಗೆ ಇದು ತಪ್ಪಿದ್ದಲ್ಲ. ವಲಸೆ, ಸ್ಮೃತಿ, ಅಸ್ಮಿತೆ ಎಂದೆಲ್ಲ ಸೇರಿಸಿ ಒಂದು ಉತ್ತರ ಕಟ್ಟಿ ಒಪ್ಪಿಸಿದ್ದೆ. ನಿಜವಾದ ಉತ್ತರವನ್ನು ಅಲ್ಲಿ ಹೇಳಿರಲಿಲ್ಲ. ಎಂ.ಎ. ಓದುವಾಗ ವಿ.ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕೈಗೆ ಸಿಕ್ಕಿತ್ತು. 1961ರಲ್ಲಿ ಬಂದ ಆ ಕಾದಂಬರಿಯ ನಾಯಕನಿಗೆ ಬದುಕಿನುದ್ದಕ್ಕೂ ಇರುವುದು ಒಂದೇ ಹಂಬಲ. ಸಾಯುವುದರೊಳಗೆ ತನ್ನದು ಎಂಬ ಒಂದು ಮನೆಯಲ್ಲಿರಬೇಕು. ತರಗತಿಯಲ್ಲಿ ಎಲ್ಲರೂ ಅದರ ಹಾಸ್ಯದ ಬಗ್ಗೆ ಮಾತಾಡಿದರು. ನನಗೆ ನಗು ಬರಲಿಲ್ಲ. ಅಪ್ಪನಿಗೆ ನಿವೃತ್ತಿ ಹತ್ತಿರವಾಗುತ್ತಿತ್ತು. ಕೆಲಸ ಮುಗಿದ ಮೇಲೆ ಲೈನ್ ಮನೆ ಖಾಲಿ ಮಾಡಬೇಕು ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿದ್ದ ವಿಷಯ.

*

ಟ್ರಿನಿಡಾಡ್ ಅಂದರೆ ನಮ್ಮಲ್ಲಿ ಬಹುಮಂದಿಗೆ ಕ್ರಿಕೆಟ್. ಅಪ್ಪನಿಗೂ ಹಾಗೆಯೇ. ನಾನು ಪೋರ್ಟ್ ಆಫ್ ಸ್ಪೇನ್ ಎಂದ ಕೂಡಲೇ ಅವನು 1976ಕ್ಕೆ ಹೋಗಿಬಿಟ್ಟ. ಗೆಲ್ಲಲು 403 ರನ್ ಬೇಕಿದ್ದ ಭಾರತ ನಾಲ್ಕು ವಿಕೆಟ್ ಕಳೆದುಕೊಂಡು 406 ಹೊಡೆದ ಪಂದ್ಯ ಅದು. ಗವಾಸ್ಕರ್ 102, ನಮ್ಮ ಭದ್ರಾವತಿಯ ವಿಶ್ವನಾಥ್ 112. ಮರುದಿನ ರೈಟರ ಮನೆಗೆ ಬಂದ ಪೇಪರನ್ನು ಓದಿಸಿ ಕೇಳಿದ್ದನಂತೆ. "ಆ ಗ್ರೌಂಡ್ ನೋಡಿ ಬಾ" ಎನ್ನುವುದೊಂದೇ ಅವನ ಬೇಡಿಕೆ. ನೋಡಿ ಬಂದೆ. ಕ್ವೀನ್ಸ್ ಪಾರ್ಕ್ ಓವಲ್‌ನ ಬೆನ್ನಿಗೇ ಹಸಿರು ಗುಡ್ಡಗಳ ಸಾಲು ನಿಂತಿದೆ. ಗುಡ್ಡದ ಮೇಲೆ ಮೋಡ ಕೂತ ಹೊತ್ತಲ್ಲಿ ನೋಡಿದರೆ ಕೊಟ್ಟಿಗೆಹಾರದ ಕಡೆಯವರಿಗೆ ಊರು ನೆನಪಾಗದೆ ಇರದು.

ದೇಶದ ಪೂರ್ಣ ಹೆಸರು ಟ್ರಿನಿಡಾಡ್ ಮತ್ತು ಟೊಬೇಗೊ. ಎರಡು ದ್ವೀಪ ಸೇರಿ 5,128 ಚದರ ಕಿಲೋಮೀಟರು. ಚಿಕ್ಕಮಗಳೂರು ಜಿಲ್ಲೆ ಇದಕ್ಕಿಂತ ದೊಡ್ಡದು. ಜನಸಂಖ್ಯೆ ಸುಮಾರು 14 ಲಕ್ಷ. ಕೆರಿಬಿಯನ್ ದ್ವೀಪಸರಪಳಿಯ ತೀರಾ ದಕ್ಷಿಣದ ತುದಿ ಇದು. ಒಂದು ಕಡೆ ವೆನೆಜುವೆಲಾ ಹತ್ತೇ ಹನ್ನೊಂದು ಕಿಲೋಮೀಟರು ದೂರ. ಹಿಂದೊಮ್ಮೆ ದಕ್ಷಿಣ ಅಮೆರಿಕಕ್ಕೇ ಅಂಟಿಕೊಂಡಿದ್ದ ನೆಲವಾದ್ದರಿಂದ ಕಾಡು, ಹಕ್ಕಿ, ಹಾವು ಎಲ್ಲ ಆ ಖಂಡದವೇ. ಉತ್ತರಕ್ಕೆ ಬೆಟ್ಟ, ನಡುವೆ ಕಬ್ಬಿನ ಬಯಲು, ದಕ್ಷಿಣಕ್ಕೆ ಎಣ್ಣೆಬಾವಿ. ನೈಋತ್ಯದ ಲಾ ಬ್ರಿಯಾದಲ್ಲಿ ಸುಮಾರು ನೂರು ಎಕರೆಯ ಡಾಂಬರಿನ ಸರೋವರವಿದೆ. ಅದರ ಮೇಲೆ ನಡೆಯಬಹುದು. ಒಂದೇ ಕಡೆ ತುಂಬ ಹೊತ್ತು ನಿಂತರೆ ಮಾತ್ರ ಕಾಲು ನಿಧಾನಕ್ಕೆ ಇಳಿಯುತ್ತದೆ. 1595ರಲ್ಲಿ ವಾಲ್ಟರ್ ರಾಲೆ ಎಂಬ ಇಂಗ್ಲಿಷ್ ನಾವಿಕ ಇಲ್ಲಿನ ಡಾಂಬರನ್ನೇ ಬಳಿದು ತನ್ನ ಹಡಗಿನ ಬಿರುಕು ಮುಚ್ಚಿಕೊಂಡಿದ್ದ.

ಕೊಲಂಬಸ್ ಬಂದದ್ದು 1498ರಲ್ಲಿ. ಅಲ್ಲಿದ್ದ ಮೂಲನಿವಾಸಿಗಳು ರೋಗಕ್ಕೂ ದುಡಿಮೆಗೂ ಸಿಕ್ಕಿ ಕರಗಿಹೋದರು. ಅರಿಮಾ ಎಂಬ ಊರಿನಲ್ಲಿ ಅವರ ವಂಶದ ಒಂದು ಸಣ್ಣ ಸಮುದಾಯ ಈಗಲೂ ಇದೆ. ಅರಿಮಾ, ಚಗ್ವಾನಸ್ ಮುಂತಾದ ಊರುಗಳ ಹೆಸರಿನಲ್ಲಿ ಅವರ ನುಡಿ ಉಳಿದಿದೆ. ಸ್ಪೇನಿನವರು ಇಟ್ಟುಕೊಂಡರೂ ಹೆಚ್ಚೇನೂ ಬೆಳೆಸಲಿಲ್ಲ. 1783ರಲ್ಲಿ ಕ್ಯಾಥೊಲಿಕರಾದ ಯಾರು ಬೇಕಾದರೂ ಬಂದು ಭೂಮಿ ಹಿಡಿಯಿರಿ ಎಂದು ಆಜ್ಞೆ ಹೊರಡಿಸಿದ ಮೇಲೆ ಫ್ರೆಂಚ್ ತೋಟದ ಧಣಿಗಳು ತಮ್ಮ ಗುಲಾಮರನ್ನು ಕಟ್ಟಿಕೊಂಡು ಬಂದರು. ಎಷ್ಟು ಆಳು ತರುತ್ತೀರೋ ಅಷ್ಟು ಭೂಮಿ ಎಂಬ ಲೆಕ್ಕ. 1797ರಲ್ಲಿ ಬ್ರಿಟಿಷರು ದ್ವೀಪವನ್ನು ವಶಪಡಿಸಿಕೊಂಡರು. ಟೊಬೇಗೊ ಇನ್ನೂ ಹೆಚ್ಚು ಕೈ ಬದಲಾಯಿಸಿದ ದ್ವೀಪ. ಅದನ್ನು ಟ್ರಿನಿಡಾಡಿನ ಜೊತೆ ಜೋಡಿಸಿದ್ದು 1889ರಲ್ಲಿ. ಅಲ್ಲಿನ ಬೆಟ್ಟದ ಕಾಡನ್ನು 1776ರಷ್ಟು ಹಿಂದೆಯೇ ಕಾನೂನು ಮಾಡಿ ಕಾದಿಟ್ಟರು ಅನ್ನುವುದನ್ನು ಪರಿಸರದ ಪುಸ್ತಕಗಳು ಮೆಚ್ಚಿ ಬರೆಯುತ್ತವೆ. ಕಾಡು ಹೋದರೆ ಮಳೆ ಹೋಗುತ್ತದೆ, ಮಳೆ ಹೋದರೆ ಕಬ್ಬಿನ ತೋಟ ಒಣಗುತ್ತದೆ ಎಂಬ ಭಯ ಅದರ ಹಿಂದಿತ್ತು.

ನಾನು ಹೋದದ್ದು ಏಪ್ರಿಲ್ ಕೊನೆಗೆ. ಸೇಂಟ್ ಆಗಸ್ಟೀನ್‌ನಲ್ಲಿರುವ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪುಯಿ ಎಂಬ ಮರ ಎಲೆಯೆಲ್ಲ ಉದುರಿಸಿ ಬರೀ ಹೂ ಹೊತ್ತು ನಿಂತಿತ್ತು. ನೋಡಿದರೆ ಬೆಂಗಳೂರಿನ ರಸ್ತೆಗಳಲ್ಲಿ ನಾವು ಫೋಟೊ ತೆಗೆದುಕೊಳ್ಳುವ ಟಬೆಬುಯಾದ ಬಳಗ! ಆ ಮರಗಳ ತವರು ಅಮೆರಿಕದ ಉಷ್ಣವಲಯವೇ. ಪುಯಿ ಹೂಬಿಟ್ಟಿತೆಂದರೆ ಪರೀಕ್ಷೆ ಬಂತು ಎಂದು ಅಲ್ಲಿನ ವಿದ್ಯಾರ್ಥಿಗಳ ಮಾತು. ಕ್ಯಾಂಪಸ್ಸು ಮೊದಲು ಉಷ್ಣವಲಯದ ಕೃಷಿ ಕಾಲೇಜಾಗಿತ್ತು. ಕೋಕೋ ತಳಿಗಳ ದೊಡ್ಡ ಸಂಗ್ರಹ ಈಗಲೂ ಅದರ ಸುಪರ್ದಿಯಲ್ಲಿದೆ. ಒಂದು ಭಾನುವಾರ ಹಳೆಯ ಕೋಕೋ ತೋಟವೊಂದಕ್ಕೆ ಹೋದೆವು. ನೆರಳಿಗೆಂದು ಬೆಳೆಸಿದ ಎತ್ತರದ ಮರಗಳನ್ನು ತೋರಿಸಿ "ಇಮ್ಮೊರ್ಟೆಲ್" ಎಂದರು. ಸ್ಪ್ಯಾನಿಷಿನಲ್ಲಿ ಅದಕ್ಕೆ ಕೋಕೋ ತಾಯಿ ಎಂಬ ಹೆಸರಂತೆ. ಬುಡಕ್ಕೆ ಹೋಗಿ ತೊಗಟೆಯ ಮುಳ್ಳು, ಮೂರು ಮೂರಾಗಿ ಬಿಟ್ಟ ಎಲೆ ನೋಡಿದೆ. ನಮ್ಮ ಹಾಲುವಾಣದ ಕುಲದ್ದೇ. ಕಾಫಿ ಗಿಡಕ್ಕೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮ ಲೈನಿನ ಹಿಂದೆ ನಿಂತಿದ್ದ ಮರದ ದಾಯಾದಿ. ಅಜ್ಜಿಯ ಮಾತು ಸುಳ್ಳಾಗಿರಲಿಲ್ಲ.

*

ಎಸ್ಟೇಟಿನ ಲೆಕ್ಕ ಎಲ್ಲ ಕಡೆ ಒಂದೇ: ಭೂಮಿ ಇದೆ, ಆಳು ಬೇಕು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದದ್ದು 1834ರಲ್ಲಿ, ಟ್ರಿನಿಡಾಡಿನ ಸುಮಾರು 20 ಸಾವಿರ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕದ್ದು 1838ರಲ್ಲಿ. ಬಿಡುಗಡೆಯಾದವರು ಕೂಲಿ ಹೆಚ್ಚು ಕೇಳಿದರು, ಕೆಲವರು ತೋಟ ಬಿಟ್ಟೇ ಹೋದರು. ಧಣಿಗಳು ಭಾರತದ ಕಡೆ ನೋಡಿದರು. 1845ರ ಮೇ 30ರಂದು 'ಫತೆಲ್ ರಜಾಕ್' ಎಂಬ ಹಡಗು ಇನ್ನೂರಿಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ತಂದಿಳಿಸಿತು. 1917ರವರೆಗೆ ಸುಮಾರು 1.4 ಲಕ್ಷ ಜನ ಹೀಗೆ ಬಂದರು. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳಿಂದ ಕಲ್ಕತ್ತೆ ಮೂಲಕ, ಒಂದಷ್ಟು ಜನ ಮದ್ರಾಸಿನಿಂದ. ಐದು ವರ್ಷದ ಕರಾರು, ದಿನಕ್ಕೆ 25 ಸೆಂಟ್ ಕೂಲಿ. ಚೀಟಿಯಿಲ್ಲದೆ ತೋಟದ ಗಡಿ ದಾಟಿದರೆ ಜೈಲು. ವಾಸಕ್ಕೆ ಉದ್ದನೆಯ ಬ್ಯಾರಕ್ಕು, ಕುಟುಂಬಕ್ಕೆ ಒಂದು ಕೋಣೆ, ನಡುವಿನ ಗೋಡೆ ಸೂರಿನವರೆಗೆ ಮುಟ್ಟುವುದಿಲ್ಲ. ಆ ಬ್ಯಾರಕ್ಕಿನ ಹಳೆಯ ಚಿತ್ರ ಮೊದಲ ಸಲ ನೋಡಿದಾಗ ಪುಟ ಮಡಚಿಟ್ಟು ಹೊರಗೆ ಹೋಗಿ ಚಹಾ ಕುಡಿದು ಬಂದಿದ್ದೆ.

ಅವರನ್ನು ಒಟ್ಟು ಮಾಡಿದವನಿಗೆ ಅಲ್ಲಿ ಅರ್ಕಾಟಿ ಎಂದು ಹೆಸರು. ಘಟ್ಟದ ಕೆಳಗಿನಿಂದ ನಮ್ಮವರನ್ನು ಮುಂಗಡ ಕೊಟ್ಟು ಕರೆತಂದವನು ಮೇಸ್ತ್ರಿ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ನಮ್ಮವರು ಚಾರ್ಮಾಡಿ ಹತ್ತಿ ಬಂದವರು, ಮನಸ್ಸು ಮಾಡಿದರೆ ಇಳಿದು ಹೋಗಬಹುದಿತ್ತು. ನಡುವೆ ಸಮುದ್ರವಿರಲಿಲ್ಲ.

ಪೋರ್ಟ್ ಆಫ್ ಸ್ಪೇನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಹೀಗೆ ಬಂದವರ ರಿಜಿಸ್ಟರುಗಳಿವೆ. ಯುನೆಸ್ಕೊ ಇಂಥ ದಾಖಲೆಗಳನ್ನು 2011ರಲ್ಲಿ ವಿಶ್ವದ ನೆನಪಿನ ಪಟ್ಟಿಗೆ ಸೇರಿಸಿದೆ. ಹಡಗಿನ ಹೆಸರು, ಸಂಖ್ಯೆ, ಆಳಿನ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು. ಕೊನೆಗೆ ಯಾವ ತೋಟ. ಸಾಲು ಸಾಲಾಗಿ, ಚೆಂದದ ಕೈಬರಹ. ಇಪ್ಪತ್ತು ವರ್ಷದ ಒಬ್ಬ ಹೆಂಗಸಿನ ಮೊಣಕೈ ಮೇಲೆ ಗಾಯದ ಕಲೆ ಇತ್ತು. ಅವಳ ಹಳ್ಳಿ ಯಾವುದು, ಅಪ್ಪ ಯಾರು ಎಂದು ಇಷ್ಟು ದೂರದಿಂದ ಬಂದ ನನಗೆ ಐದು ನಿಮಿಷದಲ್ಲಿ ತಿಳಿಯಿತು. ನನ್ನ ಸ್ವಂತ ಅಜ್ಜಿಗೆ ಹುಟ್ಟಿದ ಊರಿನ ಹೆಸರು ಗೊತ್ತಿಲ್ಲ. ಅಪ್ಪನ ಕೈಹಿಡಿದು ಘಟ್ಟ ಹತ್ತಿದ್ದು, ಹಿಂದೆ ಬಿಟ್ಟುಬಂದ ಮನೆಯ ಪಕ್ಕ ಹಲಸಿನ ಮರ ಇದ್ದದ್ದು, ಇಷ್ಟೇ ನೆನಪು. ಆಧಾರ್ ಕಾರ್ಡಿನಲ್ಲಿ ಇರುವುದು ಅಂದಾಜಿನ ಜನವರಿ ಒಂದು.

ಮೊದಲ ವಾರವಿಡೀ ನಾನು ಮದ್ರಾಸ್ ಹಡಗುಗಳ ಪುಟಗಳಲ್ಲಿ ಕನ್ನಡ ನಾಡಿನ ಊರೊಂದು ಸಿಗುತ್ತದೆಯೇ ಎಂದು ಹುಡುಕಿದೆ. ಪ್ರಬಂಧಕ್ಕೆ ಅದರ ಅಗತ್ಯವೇ ಇರಲಿಲ್ಲ. ನಾನು ನೋಡಿದ ಪುಟಗಳಲ್ಲಿ ಸಿಗಲೂ ಇಲ್ಲ. ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ನೆರವಾಗುತ್ತಿದ್ದ ಹಿರಿಯ ಮಹಿಳೆ ಹತ್ತಿರ ಬಂದು ಕೂತರು. ಆಫ್ರಿಕಾ ಮೂಲದವರು. "ಭಾರತದಿಂದ ಬರುವವರೆಲ್ಲ ಇಲ್ಲಿ ತಮ್ಮನ್ನೇ ಹುಡುಕುತ್ತೀರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಕಾಲಂಗಳು ನಿಮ್ಮವರಿಂದ ಶುರುವಾದವು ಅಂದುಕೊಂಡಿರಾ?"

1813ರಲ್ಲಿಯೇ ಟ್ರಿನಿಡಾಡಿನ ಗುಲಾಮರ ಪಟ್ಟಿ ಮಾಡಿದ್ದರು. ಬ್ರಿಟಿಷ್ ವಸಾಹತುಗಳಲ್ಲೇ ಅಂಥ ಮೊದಲ ನೋಂದಣಿ ಅದು. ಹೆಸರು, ಕೆಲಸ, ವಯಸ್ಸು, ಎತ್ತರ, ಹುಟ್ಟಿದ ನಾಡು, ಮೈಮೇಲಿನ ಗುರುತು. ಫತೆಲ್ ರಜಾಕ್ ಬರುವ ಮೂವತ್ತೆರಡು ವರ್ಷ ಮುಂಚೆಯೇ ನಮ್ಮವರಿಗಾಗಿ ಕಾಲಂ ಗೀಚಿ ಇಟ್ಟಂತಿತ್ತು. ಭಾರತದ ಆಳುಗಳನ್ನು ಕರೆಸಿದ್ದೇ ಬಿಡುಗಡೆಯಾದವರ ಕೂಲಿ ಏರದಿರಲಿ ಎಂದು. ಆ ಖರ್ಚಿನ ಒಂದು ಪಾಲು ಹೋಗುತ್ತಿದ್ದದ್ದು ಅವರೂ ತೆರಿಗೆ ಕಟ್ಟಿದ ಸರ್ಕಾರದ ಬೊಕ್ಕಸದಿಂದ. ಇದನ್ನು ನಾನು ಓದಿರಲಿಲ್ಲವೆಂದಲ್ಲ. ಈ ದೇಶದ ಮೊದಲ ಪ್ರಧಾನಿ ಎರಿಕ್ ವಿಲಿಯಮ್ಸ್ 1944ರಲ್ಲಿ ಬರೆದ 'ಕ್ಯಾಪಿಟಲಿಸಂ ಆ್ಯಂಡ್ ಸ್ಲೇವರಿ' ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಇದೆ. ಆದರೆ 'ನಮ್ಮವರು' ಎಂಬ ಕನ್ನಡಕ ಹಾಕಿಕೊಂಡು ಓದಿದ್ದೆ. 2011ರ ಜನಗಣತಿಯಂತೆ ಅಲ್ಲಿ ಭಾರತ ಮೂಲದವರು ನೂರಕ್ಕೆ 35, ಆಫ್ರಿಕಾ ಮೂಲದವರು 34. ಚುನಾವಣೆ ಬಂದಾಗ ಈ ಎರಡು ಅಂಕಿಗಳ ನಡುವಿನ ಬಿಗುವು ಈಗಲೂ ಏರುತ್ತದೆ. ಅದರ ಬೇರು ಒಂದೇ ತೋಟದ ಕೂಲಿಪಟ್ಟಿಯಲ್ಲಿದೆ.

*

ಅದೇ ಮಹಿಳೆ ಒಂದು ಸಂಜೆ ನನ್ನನ್ನು ಪ್ಯಾನ್‌ಯಾರ್ಡಿಗೆ ಕರೆದೊಯ್ದರು. ಪ್ಯಾನ್ ಎಂದರೆ ಎಣ್ಣೆಯ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಾಣಲೆಯಂತೆ ತಗ್ಗಿಸಿ, ಒಂದೊಂದು ಉಬ್ಬಿಗೆ ಒಂದೊಂದು ಸ್ವರ ಕೂರಿಸಿ, ಬೆಂಕಿಯಲ್ಲಿ ಕಾಯಿಸಿ ಮಾಡುವ ವಾದ್ಯ. ಕಾರ್ನಿವಲ್ ಮುಗಿದು ತಿಂಗಳುಗಳಾಗಿದ್ದವು, ಹತ್ತು ಹದಿನೈದು ಹುಡುಗ ಹುಡುಗಿಯರು ಮಾತ್ರ ಅಭ್ಯಾಸ ಮಾಡುತ್ತಿದ್ದರು. ಕಬ್ಬಿಣದಿಂದ ಅಷ್ಟು ಮೆದುವಾದ ಸದ್ದು ಬರಬಹುದೆಂದು ನಾನೆಣಿಸಿರಲಿಲ್ಲ.

ಇದರ ಹಿಂದಿನ ಕಥೆ ಸಣ್ಣದಲ್ಲ. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗುಲಾಮರನ್ನು ರಾತ್ರೋರಾತ್ರಿ ಪಂಜು ಹಿಡಿಸಿ ಓಡಿಸುತ್ತಿದ್ದರು. ಬಿಡುಗಡೆಯ ನಂತರ ಅವರ ಮಕ್ಕಳು ಅದನ್ನೇ ಮೆರವಣಿಗೆ ಮಾಡಿದರು. ಸುಟ್ಟ ಕಬ್ಬು ಎಂಬ ಫ್ರೆಂಚ್ ಮಾತಿನಿಂದ ಅದಕ್ಕೆ ಕ್ಯಾಂಬುಲೇ ಎಂಬ ಹೆಸರು. 1881ರಲ್ಲಿ ಪೊಲೀಸರು ತಡೆಯಹೋಗಿ ಹೊಡೆದಾಟವಾಯಿತು. ಆಮೇಲೆ ಚರ್ಮದ ಡೋಲುಗಳ ಮೇಲೆಯೇ ನಿಷೇಧ ಬಂತು. ಜನ ಬಿದಿರು ಕಡಿದು ನೆಲಕ್ಕೆ ಕುಟ್ಟಿ ತಾಳ ಹಿಡಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬಿ, ಕಾರಿನ ಬಿಡಿಭಾಗ, ಕಸದ ಡಬ್ಬಿಯ ಮುಚ್ಚಳ ಬಂದವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಅಲ್ಲಿ ನೆಲೆ ಹಾಕಿತ್ತು. ಎಣ್ಣೆಯ ನಾಡಾದ್ದರಿಂದ ಖಾಲಿ ಡ್ರಮ್ಮಿಗೆ ಬರವಿರಲಿಲ್ಲ. ಬಡವರ ಕೇರಿಯ ಹುಡುಗರು ಅದನ್ನು ಬಡಿದು ಬಡಿದು ಸರಿಗಮ ಹೊರಡಿಸಿದರು. 1951ರಲ್ಲಿ ಅವರ ಒಂದು ತಂಡ ಲಂಡನ್ನಿಗೆ ಹೋಗಿ ನುಡಿಸಿತು. 1992ರಲ್ಲಿ ಅದು ರಾಷ್ಟ್ರವಾದ್ಯವಾಯಿತು. ಕಸಿದುಕೊಂಡ ಡೋಲಿನಿಂದ ಈ ವಾದ್ಯಕ್ಕೆ ಬರಲು ಹಿಡಿದದ್ದು ಸುಮಾರು ಅರವತ್ತು ವರ್ಷ.

ನಾನು ಭಾರತೀಯರ ತಾಸೆಯ ಮಾತೆತ್ತಿದೆ. ಅವರು ನಕ್ಕು, ಅದೂ ಇದೇ ಕಥೆ ಎಂದರು. ಮೊಹರಮ್ಮಿಗೆ ಅಲ್ಲಿ ಹೊಸೇ ಎನ್ನುತ್ತಾರೆ. ಎದೆ ಬಡಿದುಕೊಳ್ಳುತ್ತಾ ಕೂಗುವ ಹುಸೇನರ ಹೆಸರೇ ಹಾಗಾಯಿತು. ತೋಟದ ಹಿಂದೂಗಳು, ಆಫ್ರಿಕಾದವರು ಎಲ್ಲ ಸೇರಿ ತಾಜಿಯಾ ಹೊರುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಊರಹಬ್ಬವಾದ ಹಾಗೆ. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಪಟ್ಟಣದೊಳಕ್ಕೆ ಬರುತ್ತಿದ್ದ ಆ ಮೆರವಣಿಗೆಗಳ ಮೇಲೆ ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಕ್ಯಾಂಬುಲೇಯ ಮೂರು ವರ್ಷದ ನಂತರ, ಅದೇ ಸರ್ಕಾರ, ಅದೇ ಡೋಲಿನ ಭಯ. ಹೊಸೇ ಈಗಲೂ ನಡೆಯುತ್ತದೆ. ಕಾರ್ನಿವಲ್ಲೂ ನಡೆಯುತ್ತದೆ. ಗವಾಸ್ಕರ್ 1971ರಲ್ಲಿ ಮೊದಲ ಸರಣಿಯಲ್ಲೇ ರನ್ ಮಳೆ ಸುರಿಸಿದಾಗ ಲಾರ್ಡ್ ರಿಲೇಟರ್ ಎಂಬ ಅಲ್ಲಿನ ಗಾಯಕ ಅವನ ಮೇಲೊಂದು ಕ್ಯಾಲಿಪ್ಸೊ ಕಟ್ಟಿ ಹಾಡಿದ. ತಮ್ಮ ಬೌಲರುಗಳನ್ನು ಬಡಿದವನ ಮೇಲೂ ಹಾಡು ಕಟ್ಟುವ ಜನ!

*

ನಾನು ಉಳಿದುಕೊಂಡದ್ದು ಕ್ಯಾಂಪಸ್ಸಿನ ಹತ್ತಿರ ಒಬ್ಬ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ. ಮೊದಲ ದಿನವೇ ಅವರ ಮೊಮ್ಮಗ ಒಳಗಿನಿಂದ "ಆಜೀ" ಎಂದು ಕೂಗಿದ. ನಾನು ಬೆಚ್ಚಿಬಿದ್ದೆ. ಭೋಜಪುರಿಯಲ್ಲಿ ಅಪ್ಪನ ತಾಯಿಗೆ ಆಜಿ. ದ್ವೀಪದಲ್ಲಿ ಭೋಜಪುರಿ ಮಾತಾಡುವವರು ಹೆಚ್ಚುಕಡಿಮೆ ಇಲ್ಲವಾದರೂ ಆಜಾ, ಆಜಿ, ನಾನಾ, ನಾನಿ ಉಳಿದಿವೆ. ಅಪ್ಪನ ತಾಯಿಯನ್ನೇ ಬಿಟ್ಟು ಬಂದವಳಿಗೆ ಆ ಕೂಗು ಕೇಳಿ ಕಣ್ಣು ತುಂಬಿದ್ದು ಸುಳ್ಳಲ್ಲ. ಇದು ನಮ್ಮದೇ ಪದ ಎಂದು ಸಂಭ್ರಮದಿಂದ ಆಂಟಿಗೆ ಹೇಳಿದೆ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, "ಬೇಟಿ, ಇದು ನಮ್ಮದು" ಎಂದು ಒಲೆಯ ಕಡೆ ತಿರುಗಿದರು.

ಅವರ ಅಡುಗೆಮನೆಯಲ್ಲಿ ನಾನು ಕಲಿತಷ್ಟು ದಾಖಲೆ ಭಂಡಾರದಲ್ಲಿ ಕಲಿಯಲಿಲ್ಲ. ಅಲ್ಲಿ ಡಶೀನ್ ಎನ್ನುವುದು ನಮ್ಮ ಕೆಸು. ಅದರ ಎಲೆಯನ್ನು ಬೆಂಡೆಕಾಯಿ, ತೆಂಗಿನ ಹಾಲಿನ ಜೊತೆ ಬೇಯಿಸಿ ಕಡೆದರೆ ಕ್ಯಾಲಲೂ, ಆಫ್ರಿಕಾದವರ ಕೈಯಡುಗೆ. ಅದೇ ಎಲೆಗೆ ಬೇಳೆಹಿಟ್ಟು ಹಚ್ಚಿ ಸುರುಳಿ ಸುತ್ತಿ, ಕತ್ತರಿಸಿ ಕರಿದರೆ ಸಹೀನಾ, ಭೋಜಪುರಿಯವರದ್ದು. ನಮ್ಮ ಮನೆಯ ಪತ್ರೊಡೆಯನ್ನು ವರ್ಣಿಸಿದೆ. "ಕರಿಯುವುದಿಲ್ಲವೇ?" ಎಂದು ಆಂಟಿ ಕನಿಕರಪಟ್ಟರು. ಭಾನುವಾರ ಅವರ ಮೇಜಿನ ಮೇಲೆ ಕ್ಯಾಲಲೂ, ಸಹೀನಾ ಎರಡೂ ಇರುತ್ತಿದ್ದವು, ಯಾವುದು ಯಾರದ್ದೆಂದು ಕೇಳುವವರಿರಲಿಲ್ಲ. ಬೀದಿಬದಿಯ ಡಬಲ್ಸ್ ಹಾಗೆಯೇ. ಎರಡು ಬಾರಾ, ನಡುವೆ ಕಡಲೆ, ಮೇಲೆ ಹುಳಿಖಾರ. ಭಾರತದ ಸಾಮಗ್ರಿಯೇ, ಆದರೆ ಭಾರತದಲ್ಲಿ ಎಲ್ಲೂ ಇಲ್ಲದ ತಿಂಡಿ. ಪರೋಟವನ್ನು ಕಾವಲಿಯ ಮೇಲೆ ಹೊಡೆದು ಹರಿದು ಹಾಕುತ್ತಾರೆ. ಅದಕ್ಕೆ ಹೆಸರು 'ಬಸ್-ಅಪ್-ಶಟ್', ಹರಿದ ಅಂಗಿ.

ಒಮ್ಮೆ ಕೇಳಿಯೇಬಿಟ್ಟೆ, "ಆಂಟಿ, ನಿಮ್ಮ ಮೂಲ ಊರು ಯಾವುದು?"

"ಪೆನಾಲ್" ಎಂದರು. ದಕ್ಷಿಣದಲ್ಲಿ, ಗಾಡಿಯಲ್ಲಿ ಹೋದರೆ ಒಂದೂವರೆ ಗಂಟೆಯ ದಾರಿ.

"ಅದಲ್ಲ, ಭಾರತದಲ್ಲಿ?"

"ಭಾರತದಲ್ಲಿ ನನ್ನದು ಯಾವ ಊರೂ ಇಲ್ಲ ಬೇಟಿ. ಆಜಿಯ ಆಜಿ ಹಡಗಿಳಿದದ್ದು ಗೊತ್ತು. ಅವಳ ಜಹಾಜಿಗಳು ಯಾರೆಂದು ಗೊತ್ತು." ಒಂದೇ ಹಡಗಿನಲ್ಲಿ ಬಂದವರು ಜಹಾಜಿಗಳು, ಒಡಹುಟ್ಟಿದವರಿಗೆ ಸಮ. ಜಾತಿ ಯಾವುದಾದರೂ ಆ ನಂಟು ತಲೆಮಾರುಗಳ ಮಟ್ಟಿಗೆ ನಡೆಯಿತು. ಆಂಟಿಯ ವಂಶವೃಕ್ಷ ಶುರುವಾಗುವುದು ಹಡಗಿನ ಅಟ್ಟದಿಂದ. ಅದಕ್ಕೂ ಹಿಂದೆ ಬೇರು ತೋರಿಸಿ ಎಂದು ಕೇಳುತ್ತಿದ್ದವಳು ನಾನು ಮಾತ್ರ.

ಪಕ್ಕದ ಸೇಂಟ್ ಲೂಷಿಯಾದವನಾದ ಡೆರೆಕ್ ವಾಲ್ಕಾಟ್ ಬಹುಕಾಲ ಟ್ರಿನಿಡಾಡಿನಲ್ಲಿದ್ದು ನಾಟಕ ಕಟ್ಟಿದ ಕವಿ. 1992ರ ಅವನ ನೊಬೆಲ್ ಭಾಷಣ ಶುರುವಾಗುವುದು ಫೆಲಿಸಿಟಿ ಎಂಬ ಅಲ್ಲಿನ ಹಳ್ಳಿಯ ರಾಮಲೀಲೆಯಿಂದ. ತಾನು ಅದನ್ನು ನಾಟಕವೆಂದು ನೋಡಿದೆ, ಆಡುವ ಹುಡುಗರಿಗೆ ಅದು ನಂಬಿಕೆಯಾಗಿತ್ತು, ಕಳೆದುಹೋದದ್ದರ ನೆರಳನ್ನು ಹುಡುಕಿದ ತನ್ನ ಕಣ್ಣೇ ತಪ್ಪು ಎಂದು ಅವನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಈ ಭಾಷಣವನ್ನು ನಾನು ಪ್ರಬಂಧದಲ್ಲಿ ಮೂರು ಕಡೆ ಉಲ್ಲೇಖಿಸಿದ್ದೆ. ಅರ್ಥವಾದದ್ದು ಪೆನಾಲ್ ಎಂಬ ಉತ್ತರ ಕೇಳಿದ ಮೇಲೆ.

ಹೊರಡುವ ಮುಂಚಿನ ವಾರ ಕರೋನಿ ಜೌಗಿಗೆ ಹೋದೆ. ಸಂಜೆ ದೋಣಿಯಲ್ಲಿ ಕಾಂಡ್ಲಾ ಪೊದೆಗಳ ನಡುವೆ ಹೋಗಿ ಕಾಯುತ್ತಾರೆ. ಬೆಳಕು ಇಳಿಯುವ ಹೊತ್ತಿಗೆ ಸ್ಕಾರ್ಲೆಟ್ ಐಬಿಸ್, ಕೆಂಪು ಕೆಂಬರಲು ಎನ್ನಬಹುದೇನೋ, ಗುಂಪು ಗುಂಪಾಗಿ ಬಂದು ಹಸಿರು ಮರಗಳ ಮೇಲೆ ಇಳಿಯತೊಡಗಿದವು. ಇದು ಟ್ರಿನಿಡಾಡಿನ ರಾಷ್ಟ್ರಪಕ್ಷಿ. ಮರಿಯಾಗಿದ್ದಾಗ ಕಂದು ಬಣ್ಣದ್ದು, ಆ ಕೆಸರಿನ ಏಡಿ ಸಿಗಡಿ ತಿಂದು ತಿಂದು ಕೆಂಪಾಗುತ್ತದೆ ಎಂದು ದೋಣಿಯವನು ಹೇಳಿದ.

*

ಮೇ 30, ಭಾರತೀಯರು ಬಂದಿಳಿದ ದಿನ, ಅಲ್ಲಿ ಸರ್ಕಾರಿ ರಜೆ. ಆಗಸ್ಟ್ 1 ಗುಲಾಮರ ಬಿಡುಗಡೆಯ ದಿನ, ಅದಕ್ಕೂ ರಜೆ. ಆ ರಜೆಯ ದಿನ ಆಂಟಿ ವಾಟರ್ಲೂ ಎಂಬಲ್ಲಿಗೆ ಕರೆದೊಯ್ದರು. ದಡದಿಂದ ಸಮುದ್ರದೊಳಕ್ಕೆ ಒಂದು ಸಣ್ಣ ದಾರಿ, ಅದರ ತುದಿಗೆ ಬಿಳಿಯ ಗುಡಿ.

ಸೇವ್‌ದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿ ಕಟ್ಟಿದ ಗುಡಿ ಅದು. ಮೊದಲು ಅವನು ದಡದ ಮೇಲೆಯೇ ಕಟ್ಟಿದ್ದ. ಜಾಗ ಸಕ್ಕರೆ ಕಂಪನಿಯದ್ದು. ತೆರವು ಮಾಡು ಎಂದರು, ಒಪ್ಪಲಿಲ್ಲ. 1952ರಲ್ಲಿ ಗುಡಿ ಕೆಡವಿದರು, ದಂಡ ಹಾಕಿದರು, ಅವನು ಜೈಲಿಗೂ ಹೋಗಿ ಬಂದ. ನೆಲವೆಲ್ಲ ಕಂಪನಿಯದ್ದಾದರೆ ಸಮುದ್ರ ಯಾರದ್ದೂ ಅಲ್ಲವಲ್ಲ ಎಂದುಕೊಂಡ. ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಹೊತ್ತು ತಂದು, ಇಳಿತದ ಹೊತ್ತಲ್ಲಿ ಒಂದೊಂದೇ ಪೀಪಾಯಿಗೆ ಕಾಂಕ್ರೀಟು ತುಂಬಿ, ವರ್ಷಗಟ್ಟಲೆ ಒಬ್ಬನೇ ನೀರಿನೊಳಗೆ ನೆಲ ಮಾಡಿ ಗುಡಿ ಕಟ್ಟಿದ. 1970ರಲ್ಲಿ ತೀರಿಕೊಂಡ. ಅಲೆಗೆ ಸವೆದಿದ್ದನ್ನು 1990ರ ದಶಕದಲ್ಲಿ ಸರ್ಕಾರವೇ ನಿಂತು ಮತ್ತೆ ಕಟ್ಟಿಸಿತು.

ದಾರಿಯಲ್ಲಿ ನೋಡಿದ ಕಬ್ಬಿನ ಬಯಲುಗಳಲ್ಲಿ ಕಬ್ಬಿರಲಿಲ್ಲ. ಸರ್ಕಾರದ ಸಕ್ಕರೆ ಕಂಪನಿಯೂ 2003ರಲ್ಲಿ ಬಾಗಿಲು ಹಾಕಿತು. ಯಾವುದಕ್ಕಾಗಿ ಇಷ್ಟು ಜನರನ್ನು ಇಷ್ಟು ದೂರದಿಂದ ತಂದರೋ ಆ ಬೆಳೆಯೇ ಈಗಿಲ್ಲ. ಜನ ಇದ್ದಾರೆ. ಸಮುದ್ರದ ಗುಡಿಯೂ ಇದೆ. ನನಗೆ ಆ ಮನುಷ್ಯನ ಭಕ್ತಿಗಿಂತ ಹಟ ದೊಡ್ಡದಾಗಿ ಕಂಡಿತು. ದಡದ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದೆ. ಕ್ವಾರ್ಟರ್ಸ್ ವಿಷಯ ಏನಾಯಿತು ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಬಾ, ಮಾತಾಡುವ" ಎಂದ.

*

ಊರಿಗೆ ಬಂದಾಗ ಮುಂಗಾರು ಶುರುವಾಗಿತ್ತು. ಅಪ್ಪ ಪಂಚಾಯಿತಿಗೆ ನಿವೇಶನದ ಅರ್ಜಿ ಹಾಕಬೇಕೆಂದಿದ್ದ. ಮೂರೂ ಜನರ ವಿವರ ಬೇಕು. ಜಗುಲಿಯಲ್ಲಿ ಅಜ್ಜಿಯ ಎದುರು ಹಾಳೆ ಹಿಡಿದು ಕೂತೆ. ರಿಜಿಸ್ಟರಿನ ಕಾಲಂಗಳು ತಲೆಯಲ್ಲಿದ್ದವು. ಅರ್ಜಿಯಲ್ಲಿ ಇಲ್ಲದ್ದನ್ನೂ ಕೇಳತೊಡಗಿದೆ. ಅಪ್ಪನ ಹೆಸರು ಹೇಳಿದಳು, ನಾನು ಮೊದಲ ಸಲ ಕೇಳಿದ್ದು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದೆ, ನಾಲ್ಕು ಅಡಿ ಹತ್ತು ಇಂಚು. ಮೈಮೇಲಿನ ಗುರುತು ಎಂದಾಗ ನಗುತ್ತಾ ಎಡಗಾಲು ಮುಂದಿಟ್ಟಳು. ಕಳೆ ತೆಗೆಯುವಾಗ ಕತ್ತಿ ತಾಗಿದ ಕಲೆ.

"ಊರು?" ಎಂದೆ.

"ಇದೇ."

"ಹುಟ್ಟಿದ ಊರು ಅಜ್ಜಿ. ಹಲಸಿನ ಮರ ಇತ್ತಲ್ಲ, ಅದು. ಉಜಿರೆ ಕಡೆಯಾ, ಬೆಳ್ತಂಗಡಿ ಕಡೆಯಾ? ಒಂದು ದಿನ ಕಾರು ಮಾಡಿಕೊಂಡು ಹೋಗಿ ಹುಡುಕುವ."

"ಆ ಮರ ಈಗ ಉಂಟಾ ಮಾರಾಯ್ತಿ? ನನ್ನ ಗಂಡ ಸತ್ತದ್ದು ಇಲ್ಲಿ. ನಿನ್ನ ಅಪ್ಪ ಹುಟ್ಟಿದ್ದು ಆ ಕೋಣೆಯಲ್ಲಿ. ಈ ಗುಡ್ಡದ ಕಾಫಿ ಗಿಡ ಅರ್ಧ ನಾನು ನೆಟ್ಟದ್ದು. ಇದೇ ಬರಿ."

"ಇದು ಸಾಹುಕಾರ್ರದ್ದು ಅಜ್ಜಿ."

"ಜಾಗ ಅವರದ್ದು" ಎಂದಳು ಅಜ್ಜಿ. "ಊರು ನನ್ನದು. ನೀನು ಬರಿ."

ಬರೆದೆ. ಅರ್ಜಿ ಇನ್ನೂ ಪಂಚಾಯಿತಿಯಲ್ಲೇ ಇದೆ. ಪ್ರಬಂಧದ ಮೂರನೇ ಅಧ್ಯಾಯದ ತಲೆಬರಹ 'ಕಳೆದುಹೋದ ಊರು' ಎಂದಿತ್ತು. ಅದನ್ನು ಹೊಡೆದುಹಾಕಿದ್ದೇನೆ, ಹೊಸ ಹೆಸರು ಇನ್ನೂ ಇಟ್ಟಿಲ್ಲ.